ಬೆರಳಿಗೆ ತಿಳಿಯುವ ಬಟ್ಟೆ ಒಗೆಯುವ ಯಂತ್ರ

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳ ಪುನರ್ವಸತಿ ಕಾರ್ಯಕರ್ತರು ಮತ್ತು ಸಂಜೀವಿನಿ ಒಕ್ಕೂಟಗಳ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಒಗೆಯುವ ಕಲ್ಲಿನ ಮುಂದೆ ಕಣ್ಣಿಗೆ ಇರುವ ಕೆಲಸ ಕಡಿಮೆ. ಕೊರಳಪಟ್ಟಿಯಲ್ಲಿ ಕೊಳೆ ಉಳಿದಿದೆಯೇ, ಸೀರೆಯ ಸೆರಗಿನಿಂದ ಸೋಪಿನ ಜಾರು ಹೋಗಿದೆಯೇ, ಜಾಲಿಸಿದ ನೀರಿನಲ್ಲಿ ನೊರೆ ನಿಂತಿದೆಯೇ ಎಂಬುದೆಲ್ಲ ಕೈಗೆ ತಿಳಿಯುತ್ತದೆ. ಹುಟ್ಟಿನಿಂದ ಕಣ್ಣು ಕಾಣದವರೂ, ನಡುವಯಸ್ಸಿನಲ್ಲಿ ಗ್ಲಾಕೋಮಾದಿಂದಲೋ ಸಕ್ಕರೆ ಕಾಯಿಲೆಯಿಂದಲೋ ದೃಷ್ಟಿ ಕಳೆದುಕೊಂಡವರೂ ಹಳ್ಳಿಗಳಲ್ಲಿ ಮನೆಮಂದಿಯ ಬಟ್ಟೆಯನ್ನು ಯಾರ ನೆರವೂ ಇಲ್ಲದೆ ಒಗೆದು ಹರವುತ್ತ ಬಂದಿದ್ದಾರೆ. ಅಂಥ ಮನೆಗೆ ಮಗನೊಬ್ಬ, ತಾಯಿಯ ಸೊಂಟನೋವು ನೋಡಲಾರದೆ, ಪ್ರೀತಿಯಿಂದ ಒಂದು ಯಂತ್ರ ತಂದಿಡುತ್ತಾನೆ ಎಂದು ಭಾವಿಸಿರಿ. ಯಂತ್ರದ ಮೇಲ್ಭಾಗದಲ್ಲಿ ನುಣುಪಾದ ಗಾಜಿನ ಫಲಕ. ಗುಂಡಿಯಿಲ್ಲ, ಗೆರೆಯಿಲ್ಲ, ಏರುತಗ್ಗಿಲ್ಲ. ಅಂದಿನಿಂದ ಆಕೆ ಸೊಸೆಯ ಬಿಡುವನ್ನೋ, ಶಾಲೆಯಿಂದ ಬರುವ ಮೊಮ್ಮಗಳನ್ನೋ ಕಾಯಬೇಕಾಗುತ್ತದೆ. ಕೆಲಸ ಹಗುರವಾಯಿತೆಂದು ಮನೆಯವರು ತಿಳಿಯುತ್ತಾರೆ. ತನ್ನ ಉಟ್ಟ ಬಟ್ಟೆಯನ್ನೂ ಇನ್ನೊಬ್ಬರ ಕೈಗೆ ಕೊಡಬೇಕಾಯಿತಲ್ಲ ಎಂಬುದು ಆಕೆಯ ಸಂಕಟ.

ಈ ಸಂಕಟವನ್ನು ಹಣ ಹೆಚ್ಚು ಕೊಟ್ಟು ನೀಗಿಸಬಹುದೆಂದು ಹಲವರು ನಂಬಿದ್ದಾರೆ. ವಸ್ತುಸ್ಥಿತಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿದೆ. ಅಂಗಡಿಯಲ್ಲಿ ಬೆಲೆ ಏರಿದಂತೆ ಗುಂಡಿಗಳು ಮಾಯವಾಗಿ ಗಾಜು ಬರುತ್ತದೆ. ಎಲ್ಲಕ್ಕಿಂತ ಅಗ್ಗದ ಯಂತ್ರದಲ್ಲಿಯೇ ಬೆರಳಿಗೆ ಸಿಗುವ ಗಟ್ಟಿಯಾದ ತಿರುಗುಗುಂಡಿಗಳು ಉಳಿದುಕೊಂಡಿವೆ. ಆದುದರಿಂದ ಯಂತ್ರವನ್ನು ಬಳಸುವವರು ಅಂಧರಾಗಿದ್ದಲ್ಲಿ, ಅದನ್ನು ಆರಿಸತಕ್ಕವರೂ ಅವರೇ, ಆರಿಸತಕ್ಕದ್ದು ಅವರ ಬೆರಳೇ. ಅವರನ್ನು ಮನೆಯಲ್ಲಿ ಬಿಟ್ಟು ಅಂಗಡಿಗೆ ಹೋಗುವುದು ಮೊದಲನೆಯ ತಪ್ಪು.

ಗಾಜಿನ ಫಲಕದ ದೋಷವೇನೆಂಬುದನ್ನು ಸ್ಪಷ್ಟವಾಗಿ ತಿಳಿಯಬೇಕು, ಏಕೆಂದರೆ ಅಂಗಡಿಯವರು ‘ನಾಲ್ಕು ದಿನದಲ್ಲಿ ಅಭ್ಯಾಸವಾಗುತ್ತದೆ’ ಎಂದು ಹೇಳುವುದುಂಟು. ಕಣ್ಣು ಕಾಣದವರು ಗುಂಡಿಯನ್ನು ಮೊದಲು ಮುಟ್ಟಿ ಹುಡುಕುತ್ತಾರೆ, ಇದೇ ಸರಿಯಾದುದೆಂದು ಖಚಿತವಾದ ಮೇಲೆ ಒತ್ತುತ್ತಾರೆ. ಗಾಜಿನ ಫಲಕಕ್ಕೆ ಈ ಎರಡರ ವ್ಯತ್ಯಾಸ ತಿಳಿಯದು. ಬೆರಳು ತಾಗಿದೊಡನೆ ಒತ್ತಿದಂತೆಯೇ ಅದು ಎಣಿಸುತ್ತದೆ. ಹುಡುಕುವ ಬೆರಳು ದಾರಿಯಲ್ಲಿ ನಾಲ್ಕು ಆಜ್ಞೆಗಳನ್ನು ಕೊಟ್ಟುಬಿಟ್ಟಿರುತ್ತದೆ. ಅಭ್ಯಾಸವು ಈ ದೋಷವನ್ನು ಕಡಿಮೆ ಮಾಡಬಹುದೇ ಹೊರತು ಕಳೆಯಲಾರದು.

ಇನ್ನು ಯಂತ್ರಗಳ ಬಗೆಯನ್ನು ಒಂದೊಂದಾಗಿ ನೋಡಬಹುದು.

ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಯಂತ್ರವು ನಗರದ ಅಂಗಡಿಗಳಲ್ಲಿ ಮೂಲೆ ಸೇರಿದೆ, ಆದರೆ ಹಳ್ಳಿಯ ಮನೆಗಳಲ್ಲಿ ಇಂದಿಗೂ ಹೆಚ್ಚು ಕಾಣುವುದು ಅದೇ. ಒಂದು ತೊಟ್ಟಿ ಒಗೆಯುವುದಕ್ಕೆ, ಇನ್ನೊಂದು ಹಿಂಡುವುದಕ್ಕೆ. ಸಾಮಾನ್ಯವಾಗಿ ಒಗೆಯುವ ಅವಧಿಯ ಗುಂಡಿ 15 ನಿಮಿಷದವರೆಗೂ, ಹಿಂಡುವ ಅವಧಿಯ ಗುಂಡಿ 5 ನಿಮಿಷದವರೆಗೂ ತಿರುಗುತ್ತದೆ. ಇವುಗಳ ನಡುವೆ ಒಗೆತದ ಬಿರುಸು ಮತ್ತು ನೀರು ಹೊರಬಿಡುವುದನ್ನು ನಿರ್ಧರಿಸುವ ಗುಂಡಿಗಳಿರುತ್ತವೆ. ಅವಧಿಯ ಗುಂಡಿಗೆ ಒಂದು ಮೊದಲೂ ಒಂದು ಕೊನೆಯೂ ಇದೆ. ಅಲ್ಲಿಗೆ ಬಂದಾಗ ಅದು ತಡೆದು ನಿಲ್ಲುತ್ತದೆ. ಅರ್ಧಕ್ಕೆ ತಿರುಗಿಸಿದರೆ ಅರ್ಧದಲ್ಲಿದೆ ಎಂಬುದು ಮುಟ್ಟಿದರೆ ತಿಳಿಯುತ್ತದೆ. ಒಗೆಯುತ್ತಿರುವಾಗ ಕೈಯಿಟ್ಟು ನೋಡಿದರೆ ಇನ್ನೆಷ್ಟು ಹೊತ್ತು ಎಂಬುದೂ ತಿಳಿಯುತ್ತದೆ. ಕಂಡು ಓದಬೇಕಾದ ಅಂಕಿ ಇಲ್ಲಿ ಒಂದೂ ಇಲ್ಲ. ಈ ಯಂತ್ರವನ್ನು ತಯಾರಿಸಿದವರು ಅಂಧರನ್ನು ನೆನೆದು ತಯಾರಿಸಿದವರಲ್ಲ. ಅಗ್ಗವಾಗಲಿ ಎಂದು ಮಾಡಿದ್ದು ಅವರಿಗೆ ಒದಗಿ ಬಂದಿದೆ, ಅಷ್ಟೇ.

ಇದಕ್ಕೆ ಕೊರತೆಗಳೂ ಇವೆ. ನೆನೆದು ಭಾರವಾದ ಬಟ್ಟೆಯನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಎತ್ತಿ ಹಾಕಬೇಕು. ಸೊಂಟನೋವಿನವರಿಗೆ ಇದು ಸಣ್ಣ ಮಾತಲ್ಲ. ಹಿಂಡುವ ತೊಟ್ಟಿಯಲ್ಲಿ ಬಟ್ಟೆಯನ್ನು ಸುತ್ತಲೂ ಸಮನಾಗಿ ಒತ್ತಿ, ಅದರ ಮೇಲೆ ಪ್ಲಾಸ್ಟಿಕ್ಕಿನ ಒಳಮುಚ್ಚಳ ಇಡದಿದ್ದರೆ ಯಂತ್ರವೇ ಕುಣಿಯುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಒಂದು ಪರೀಕ್ಷೆಯನ್ನು ಅಂಗಡಿಯಲ್ಲಿಯೇ ಮಾಡಿಸತಕ್ಕದ್ದು: ಹಿಂಡುವ ತೊಟ್ಟಿ ಸುತ್ತುತ್ತಿರುವಾಗ ಹೊರಮುಚ್ಚಳ ಎತ್ತಿದರೆ ವಿದ್ಯುತ್ ಕಡಿದು, ತೊಟ್ಟಿಗೆ ತಡೆ ಬಿದ್ದು, ಸುತ್ತು ನಿಲ್ಲಬೇಕು. ಸದ್ದು ಪೂರ್ತಿಯಾಗಿ ಅಡಗುವವರೆಗೆ ಒಳಗೆ ಕೈ ಹಾಕಬಾರದೆಂಬುದನ್ನು ಅಂಧರಿಗೆ ಮಾತ್ರವಲ್ಲ, ಮನೆಯ ಮಕ್ಕಳಿಗೂ ಹೇಳಬೇಕು. ಹಳೆಯ ಯಂತ್ರಗಳಲ್ಲಿ ಈ ತಡೆ ಸವೆದಿರುವುದುಂಟು; ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವವರು ಬೇರೆ ಏನನ್ನು ನೋಡದಿದ್ದರೂ ಇದನ್ನು ನೋಡಬೇಕು.

ಮೇಲಿನಿಂದ ಬಟ್ಟೆ ಹಾಕುವ ಟಾಪ್ ಲೋಡ್ ಸಂಪೂರ್ಣ ಸ್ವಯಂಚಾಲಿತ ಯಂತ್ರಗಳಲ್ಲಿ ಬಹಳಷ್ಟು ಕಡೆ ಉಬ್ಬಿದ ಒತ್ತುಗುಂಡಿಗಳಿವೆ. ಅವು ಕೈಗೆ ಸಿಗುತ್ತವೆ. ಆದರೆ ಒಂದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ಒಗೆತದ ಕ್ರಮವನ್ನು ಬದಲಿಸಬೇಕು, ಬದಲಾದುದು ಪುಟ್ಟ ದೀಪದಿಂದ ಮಾತ್ರ ತಿಳಿಯುತ್ತದೆ. ಇಲ್ಲಿ ಎಣಿಕೆಯೇ ಕಣ್ಣು. ಪವರ್ ಗುಂಡಿ ಒತ್ತಿದಾಗಲೆಲ್ಲ ಯಂತ್ರವು ಒಂದೇ ಕ್ರಮದಿಂದ ಆರಂಭವಾಗುವುದಾದರೆ, ‘ದಪ್ಪ ಬಟ್ಟೆಗೆ ಎರಡು ಒತ್ತು, ನಯವಾದ ಬಟ್ಟೆಗೆ ಮೂರು ಒತ್ತು’ ಎಂದು ಬಾಯಿಪಾಠ ಮಾಡಬಹುದು. ಕಳೆದ ಬಾರಿ ಆರಿಸಿದ್ದನ್ನೇ ನೆನಪಿಟ್ಟುಕೊಂಡು ಅಲ್ಲಿಂದ ಮುಂದುವರಿಯುವ ಯಂತ್ರವಾದರೆ, ನಡುವೆ ಬೇರೊಬ್ಬರು ಬಳಸಿದ ದಿನ ಈ ಎಣಿಕೆಯೆಲ್ಲ ಕೆಟ್ಟುಹೋಗುತ್ತದೆ. ನೋಡುವವರಿಗೆ ಅನುಕೂಲವೆನಿಸುವ ನೆನಪಿನ ಶಕ್ತಿ ನೋಡದವರಿಗೆ ತೊಡಕಾಗುವುದು ಹೀಗೆ. ಯಂತ್ರವನ್ನು ಅಂಗಡಿಯಲ್ಲಿ ಚಾಲೂ ಮಾಡಿ, ಕ್ರಮ ಬದಲಿಸಿ, ಆರಿಸಿ, ಮತ್ತೆ ಚಾಲೂ ಮಾಡಿಸಿದರೆ ಎರಡೇ ನಿಮಿಷದಲ್ಲಿ ಇದು ಗೊತ್ತಾಗುತ್ತದೆ. ಅದೇ ಹೊತ್ತಿನಲ್ಲಿ ಬೀಪ್ ಸದ್ದನ್ನೂ ಕಿವಿಗೊಟ್ಟು ಕೇಳಬೇಕು: ಆರಂಭಕ್ಕೆ ಒಂದು ಬಗೆ, ನಿಲುಗಡೆಗೆ ಇನ್ನೊಂದು ಬಗೆ, ಸುತ್ತು ಮುಗಿದು ಮೊದಲ ಕ್ರಮಕ್ಕೆ ಬಂದಾಗ ಮತ್ತೊಂದು ಬಗೆಯ ಸದ್ದು ಇದ್ದರೆ ಅದು ಒಳ್ಳೆಯ ಯಂತ್ರ. ಎಲ್ಲಕ್ಕೂ ಒಂದೇ ಸದ್ದಾದರೆ ಅರ್ಧ ಉಪಯೋಗ. ಸದ್ದನ್ನು ಪೂರ್ತಿ ಆರಿಸುವ ಸೌಲಭ್ಯವಿದ್ದಲ್ಲಿ, ಮನೆಯ ಬೇರೆಯವರು ಅದನ್ನು ಆರಿಸದಂತೆ ಹೇಳಿಡಬೇಕು.

ಮುಂಬಾಗಿಲಿನ ಫ್ರಂಟ್ ಲೋಡ್ ಯಂತ್ರಗಳಲ್ಲಿ ದೊಡ್ಡದೊಂದು ತಿರುಗುಗುಂಡಿ ಇರುವುದರಿಂದ ಅವು ಅಂಧರಿಗೆ ಹೊಂದುತ್ತವೆ ಎಂಬ ಮಾತು ಕೇಳಿಬರುತ್ತದೆ. ಅದು ಗುಂಡಿಯ ಬಗೆಯನ್ನು ಅವಲಂಬಿಸಿದೆ. ಗುಂಡಿಯ ಮೇಲೆ ಬೆರಳಿಗೆ ತಾಗುವ ಏಣು ಇದ್ದು, ‘ಆಫ್’ ಸ್ಥಾನವು ನೆತ್ತಿಯಲ್ಲಿ ನಿಶ್ಚಿತವಾಗಿದ್ದು, ಪ್ರತಿ ಕ್ರಮಕ್ಕೂ ಟಕ್ಕೆಂದು ಕೂರುವುದಾದರೆ, ಗಡಿಯಾರದ ಮುಳ್ಳಿನಂತೆ ಒಂದು ಗಂಟೆ, ಎರಡು ಗಂಟೆ ಎಂದು ಕಲಿಸಬಹುದು. ಇದಕ್ಕಿಂತ ಉತ್ತಮವಾದ ವಿನ್ಯಾಸ ಇಲ್ಲ. ಆದರೆ ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇರುವ, ಏಣೂ ಇಲ್ಲದ, ದೀಪ ಮಾತ್ರ ಸುತ್ತುವ ಗುಂಡಿಯೂ ಇದೆ. ನೋಡುವುದಕ್ಕೆ ಎರಡೂ ಒಂದೇ ಬಗೆಯವು, ಜಾಹೀರಾತಿನ ಚಿತ್ರದಲ್ಲಂತೂ ವ್ಯತ್ಯಾಸ ಕಾಣುವುದಿಲ್ಲ. ಆನ್‌ಲೈನ್‌ನಲ್ಲಿ ಕೊಳ್ಳುವವರು ಮೋಸಹೋಗುವುದು ಇಲ್ಲಿಯೇ.

ಯಂತ್ರದ ಆಯ್ಕೆಯಲ್ಲಿ ಊರಿನ ನೀರಿನ ಮಾತೂ ಸೇರಿದೆ. ತುಂಗಭದ್ರೆಯ ದಡದ ಹೊನ್ನಾಳಿಯ ಲೆಕ್ಕ ಬೇರೆ, ಕೊಳವೆ ಬಾವಿಯನ್ನೇ ನಂಬಿದ ಜಗಳೂರಿನ ಹಳ್ಳಿಯ ಲೆಕ್ಕ ಬೇರೆ. ಸ್ವಯಂಚಾಲಿತ ಯಂತ್ರಕ್ಕೆ ನಲ್ಲಿಯಿಂದ ಒತ್ತಡದಲ್ಲಿ ನೀರು ಬರಬೇಕು. ಮಾಳಿಗೆಯ ಟ್ಯಾಂಕು ಯಂತ್ರದ ನೀರಿನ ಬಾಯಿಗಿಂತ ಒಂದು ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು 0.1 ಬಾರ್, ಮೂರು ಮೀಟರ್ ಇದ್ದರೆ 0.3 ಬಾರ್. ತಮ್ಮ ಯಂತ್ರಕ್ಕೆ ಕನಿಷ್ಠ ಎಷ್ಟು ಬೇಕೆಂಬುದು ಅದರ ಕೈಪಿಡಿಯಲ್ಲಿ ಇರುತ್ತದೆ. ಅಂಗಡಿಯವರಿಂದ ಓದಿಸಿ ಕೇಳಬೇಕು. ನೀರು ಬಾರದಿದ್ದರೆ ಯಂತ್ರ ನಿಂತು, ಫಲಕದಲ್ಲಿ ಯಾವುದೋ ಅಕ್ಷರ ಮಿನುಗಿ, ಬೀಪ್ ಎನ್ನುತ್ತದೆ. ಆ ಅಕ್ಷರ ಓದಲಾಗದವರು ಮೊದಲು ನಲ್ಲಿ ಮುಟ್ಟಿ ನೋಡಬೇಕು, ಅನಂತರ ಬಾಗಿಲು ಅಥವಾ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು, ಅನಂತರ ನೀರು ಹೊರಹೋಗುವ ಪೈಪು ಮಡಿಚಿದೆಯೇ ಎಂದು. ಮೆಕ್ಯಾನಿಕ್ ಬರುವ ಮುನ್ನ ಈ ಮೂರನ್ನು ನೋಡಿದರೆ ಎಷ್ಟೋ ಬಾರಿ ಮೆಕ್ಯಾನಿಕ್ಕೇ ಬೇಕಾಗುವುದಿಲ್ಲ. ನೀರು ದಿನ ಬಿಟ್ಟು ದಿನ ಬರುವ ಊರಿನಲ್ಲಿ ಸೆಮಿ ಆಟೊಮ್ಯಾಟಿಕ್ ಯಂತ್ರಕ್ಕೆ ಕೊಡದಿಂದಲೂ ನೀರು ಸುರಿಯಬಹುದು. ಒಂದು ಸರದಿಯ ಜಾಲಿಸಿದ ನೀರನ್ನು ಮುಂದಿನ ಸರದಿಯ ಕೊಳೆಬಟ್ಟೆಗೆ ಬಳಸಲೂಬಹುದು. ಗಡಸು ನೀರಿನ ಊರುಗಳಲ್ಲಿ ತೊಟ್ಟಿಯೊಳಗೆ ಸುಣ್ಣದಂಥ ಪದರ ಕಟ್ಟುತ್ತದೆ, ಅದನ್ನು ಕರಗಿಸುವ ಪುಡಿಯನ್ನು ಆಗಾಗ್ಗೆ ಹಾಕಬೇಕು. ಚನ್ನಗಿರಿ ಕಡೆಯ ಅಡಿಕೆ ಚೊಗರಿನ ಕಲೆ ಯಾವ ಯಂತ್ರಕ್ಕೂ ಸುಲಭವಾಗಿ ಬಗ್ಗುವುದಲ್ಲ. ಕಲೆ ಎಲ್ಲಿದೆಯೆಂಬುದು ಕೈಗೂ ತಿಳಿಯದ ಕಾರಣ, ತೋಟದ ಬಟ್ಟೆಯನ್ನು ಬೇರೆಯೇ ಬುಟ್ಟಿಯಲ್ಲಿಟ್ಟು ಬೇರೆಯಾಗಿ ನೆನೆಹಾಕುವುದು ಮೇಲು.

ವಿದ್ಯುತ್ತಿನ ವಿಚಾರ. ಗೃಹಜ್ಯೋತಿ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ, 200 ಯೂನಿಟ್ ಮೀರದಂತೆ, ಉಚಿತ ಮಿತಿಯನ್ನು ನಿಗದಿ ಮಾಡಲಾಗಿದೆ. ತಣ್ಣೀರಿನಲ್ಲಿ ಒಗೆದರೆ ಯಂತ್ರದ ಖರ್ಚು ಅಲ್ಪ. 2000 ವಾಟ್‌ನ ಹೀಟರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಆಗುತ್ತದೆ. ಬಿಸಿನೀರಿನ ಗುಂಡಿ ಆಕಸ್ಮಿಕವಾಗಿ ಒತ್ತಿಹೋಗಿರುವುದು ಕಣ್ಣು ಕಾಣದವರಿಗೆ ತಿಳಿಯದೆ ಬಿಲ್ಲು ಬಂದಾಗ ತಿಳಿಯುವುದು ಬೇಡ. ಕರೆಂಟು ಹೋಗಿ ಬಂದ ಮೇಲೆ ಯಂತ್ರ ನಿಂತಲ್ಲಿಂದ ತಾನೇ ಮುಂದುವರಿಯುತ್ತದೆಯೇ, ಇಲ್ಲವೇ ಮತ್ತೆ ಗುಂಡಿ ಒತ್ತಬೇಕೇ ಎಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳಬೇಕು.

ಈಗಾಗಲೇ ಗಾಜಿನ ಫಲಕದ ಯಂತ್ರ ಮನೆಗೆ ಬಂದಿದ್ದರೆ ಅದನ್ನು ಮಾರಬೇಕೆಂದಿಲ್ಲ. ಅಂಟಿಸುವ ಉಬ್ಬುಚುಕ್ಕೆಗಳು ಸಿಗುತ್ತವೆ. ಅವು ಸಿಗದ ಊರಿನಲ್ಲಿ ಎಂ-ಸೀಲ್‌ನ ಕಡಲೆಬೇಳೆಯಷ್ಟು ಉಂಡೆಯೋ, ಒಂದರ ಮೇಲೊಂದು ಒಣಗಿಸಿದ ನೇಲ್ ಪಾಲಿಶ್ ಹನಿಯೋ ಸಾಕು. ಚುಕ್ಕೆಯನ್ನು ಸ್ಪರ್ಶಸ್ಥಾನದ ಮೇಲೆ ಇಡದೆ ಅದರ ಪಕ್ಕದಲ್ಲಿ, ಅಂಚಿನ ಪ್ಲಾಸ್ಟಿಕ್ಕಿನ ಮೇಲೆ ಇಡಬೇಕು. ಬೆರಳು ಅಂಚಿನಲ್ಲಿ ಹುಡುಕಿ, ಗುರುತು ಸಿಕ್ಕ ಮೇಲೆ ಒಳಕ್ಕೆ ಸರಿದು ಒತ್ತುವಂತಿರಬೇಕು. ಪವರ್, ಸ್ಟಾರ್ಟ್, ಕ್ರಮದ ಆಯ್ಕೆ ಇವಕ್ಕೆ ಮಾತ್ರ ಗುರುತು ಸಾಕು. ಎಲ್ಲಕ್ಕೂ ಚುಕ್ಕೆ ಹಾಕಿದರೆ ಚುಕ್ಕೆಗಳನ್ನೇ ಎಣಿಸುತ್ತ ನಿಲ್ಲಬೇಕಾದೀತು. ಬ್ರೈಲ್ ಬಲ್ಲವರಿಗೆ ಬ್ರೈಲ್ ಪಟ್ಟಿ ಅಂಟಿಸಬಹುದು. ಆದರೆ ವಯಸ್ಸಾದ ಮೇಲೆ ದೃಷ್ಟಿ ಕಳೆದುಕೊಂಡವರಲ್ಲಿ ಬ್ರೈಲ್ ಕಲಿತವರು ಕಡಿಮೆ ಎಂಬುದನ್ನು ಕಾರ್ಯಕರ್ತರು ಮರೆಯಬಾರದು. ಅರೆದೃಷ್ಟಿ ಉಳಿದವರಿಗೆ ಬಿಳಿಯ ಯಂತ್ರದ ಮೇಲೆ ಕಡುಗೆಂಪು ಅಥವಾ ಕಪ್ಪು ಗುರುತು ಹೆಚ್ಚು ನೆರವಾಗುತ್ತದೆ.

ಮೊಬೈಲ್ ಫೋನಿನ ದಾರಿಯೂ ಒಂದಿದೆ. ಎಲ್‌ಜಿ ಸಂಸ್ಥೆಯ ಥಿಂಕ್ಯೂ, ಸ್ಯಾಮ್‌ಸಂಗ್ ಸಂಸ್ಥೆಯ ಸ್ಮಾರ್ಟ್‌ಥಿಂಗ್ಸ್ ಮುಂತಾದ ಆ್ಯಪ್‌ಗಳ ಮೂಲಕ ವೈ-ಫೈ ಇರುವ ಯಂತ್ರವನ್ನು ನಡೆಸಬಹುದು. ಆಂಡ್ರಾಯ್ಡ್ ಫೋನಿನ ಟಾಕ್‌ಬ್ಯಾಕ್ ಪರದೆಯ ಮೇಲಿರುವುದನ್ನು ಕನ್ನಡದ ಧ್ವನಿಯಲ್ಲಿಯೂ ಓದಬಲ್ಲದು. ಯುವಕರಿಗೆ, ವಸತಿ ನಿಲಯದ ವಿದ್ಯಾರ್ಥಿಗಳಿಗೆ ಇದು ನಿಜವಾದ ಅನುಕೂಲ. ಆದರೆ ಮನೆಯಲ್ಲಿ ವೈ-ಫೈ ಬೇಕು, ಆ್ಯಪ್‌ನ ಪ್ರತಿ ಗುಂಡಿಗೂ ಧ್ವನಿ ಓದುವಂಥ ಹೆಸರಿರಬೇಕು, ಅಲ್ಲದೆ ಹಲವು ಯಂತ್ರಗಳಲ್ಲಿ ದೂರನಿಯಂತ್ರಣಕ್ಕೆ ಅನುಮತಿ ಕೊಡುವ ಗುಂಡಿಯನ್ನು ಪ್ರತಿ ಸಲವೂ ಫಲಕದ ಮೇಲೆಯೇ ಒತ್ತಬೇಕು. ಆ್ಯಪ್ ಇಂದು ಓದುತ್ತದೆ, ನಾಳೆ ಹೊಸ ಆವೃತ್ತಿ ಬಂದಾಗ ಓದದೆ ಹೋಗಬಹುದು. ತಿರುಗುಗುಂಡಿಗೆ ಹೊಸ ಆವೃತ್ತಿ ಬರುವುದಿಲ್ಲ. ಫಲಕದಲ್ಲಿ ಮಿನುಗುವ ಅಕ್ಷರ ಏನೆಂದು ಒಮ್ಮೆ ತಿಳಿಯಬೇಕಾದಾಗ ‘ಬಿ ಮೈ ಐಸ್’ ಎಂಬ ಉಚಿತ ಆ್ಯಪ್ ಬಳಸಬಹುದು. ಡೆನ್ಮಾರ್ಕಿನಲ್ಲಿ ಹುಟ್ಟಿ 2015ರಲ್ಲಿ ಬಳಕೆಗೆ ಬಂದ ಈ ವ್ಯವಸ್ಥೆಯಲ್ಲಿ, ಕಣ್ಣು ಕಾಣುವ ಸ್ವಯಂಸೇವಕರು ಫೋನಿನ ಕ್ಯಾಮೆರಾ ಮೂಲಕ ನೋಡಿ ಹೇಳುತ್ತಾರೆ.

ಕಾನೂನು ಏನನ್ನುತ್ತದೆ ಎಂಬ ಪ್ರಶ್ನೆ ಸಹಜ. 2011ರ ಜನಗಣತಿಯಂತೆ ದೇಶದಲ್ಲಿ ದೃಷ್ಟಿ ವೈಕಲ್ಯವುಳ್ಳವರು 50 ಲಕ್ಷಕ್ಕೂ ಹೆಚ್ಚು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 42ನೇ ಕಲಮು, ದಿನಬಳಕೆಯ ವಿದ್ಯುನ್ಮಾನ ಸಾಧನಗಳು ಸಾರ್ವತ್ರಿಕ ವಿನ್ಯಾಸದಲ್ಲಿ ದೊರೆಯುವಂತೆ ಸರ್ಕಾರವು ಕ್ರಮ ಕೈಗೊಳ್ಳಬೇಕೆನ್ನುತ್ತದೆ. 43ನೇ ಕಲಮು, ಅಂಥ ಗ್ರಾಹಕ ವಸ್ತುಗಳ ಅಭಿವೃದ್ಧಿ, ಉತ್ಪಾದನೆ ಮತ್ತು ವಿತರಣೆಯನ್ನು ಪ್ರೋತ್ಸಾಹಿಸಬೇಕೆನ್ನುತ್ತದೆ. ಸಾರ್ವತ್ರಿಕ ವಿನ್ಯಾಸವೆಂದರೆ ಪ್ರತ್ಯೇಕ ಮಾರ್ಪಾಡಿಲ್ಲದೆ, ಸಾಧ್ಯವಾದಷ್ಟು ಮಟ್ಟಿಗೆ ಎಲ್ಲರೂ ಬಳಸಬಲ್ಲ ವಿನ್ಯಾಸ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರವೇಶ ಸೌಲಭ್ಯದ ನಿಯಮಗಳು ಕೇವಲ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯವಾಗಿರಬೇಕೆಂದು ತೀರ್ಪಿತ್ತಿತು. ಹಾಗಿದ್ದರೂ ‘ಈ ಗುಂಡಿ ಬೆರಳಿಗೆ ತಿಳಿಯಬೇಕು’ ಎಂದು ಕಂಪನಿಗೆ ಹೇಳಬಲ್ಲ ಅಧಿಕಾರ ಅಂಗಡಿಯಲ್ಲಿ ನಿಂತ ಗ್ರಾಹಕರಿಗೆ ಅಷ್ಟರಿಂದಲೇ ಬರುವುದಿಲ್ಲ. ಮುಂದುವರಿದ ದೇಶಗಳಲ್ಲಿಯೂ ಸ್ಥಿತಿ ಬಹಳ ಬೇರೆಯಲ್ಲ. 2025ರ ಜೂನ್ 28ರಿಂದ ಅನ್ವಯವಾದ ಯುರೋಪಿನ ಪ್ರವೇಶ ಸೌಲಭ್ಯ ಕಾಯಿದೆಯು ಕಂಪ್ಯೂಟರ್, ಮೊಬೈಲ್, ಎಟಿಎಂ, ಟಿಕೆಟ್ ಯಂತ್ರಗಳನ್ನು ಒಳಗೊಂಡಿದೆ. ಬಟ್ಟೆ ಒಗೆಯುವ ಯಂತ್ರ ಆ ಪಟ್ಟಿಯಲ್ಲಿಲ್ಲ. ಅಮೆರಿಕದ ಕೆಂಟಕಿಯಲ್ಲಿ ಅಂಧರ ಶಾಲೆಯ ವಿದ್ಯಾರ್ಥಿಗಳ ತೊಡಕನ್ನು ಕೇಳಿ, ಜಿಇ ಅಪ್ಲಯನ್ಸಸ್‌ನ ಎಂಜಿನಿಯರುಗಳು ಯಂತ್ರಕ್ಕೆ ಜೋಡಿಸಿ ಕ್ರಮವನ್ನೂ ಉಳಿದ ಸಮಯವನ್ನೂ ಬಾಯಿಬಿಟ್ಟು ಹೇಳುವ ಪುಟ್ಟ ಸಾಧನವನ್ನು ರೂಪಿಸಿದ್ದುಂಟು. ಕೇಳುವವರಿದ್ದಾಗ ಮಾಡುವವರು ಹುಟ್ಟುತ್ತಾರೆ ಎನ್ನುವುದಕ್ಕೆ ಅದು ಸಾಕ್ಷಿ. ಅದು ನಮ್ಮ ಅಂಗಡಿಗಳಿಗೆ ಬಂದಿಲ್ಲ ಎನ್ನುವುದೂ ಅಷ್ಟೇ ನಿಜ.

ಸ್ಥಳೀಯ ಸಂಸ್ಥೆಗಳ ಕೈಯಲ್ಲಿ ಮಾತ್ರ ಒಂದು ಬಲವಿದೆ. ವಸತಿ ಶಾಲೆ, ವಿದ್ಯಾರ್ಥಿ ನಿಲಯ, ಆಸ್ಪತ್ರೆಗಳಿಗೆ ಯಂತ್ರ ಖರೀದಿಸುವಾಗ ತಾಂತ್ರಿಕ ವಿವರಣೆಯಲ್ಲಿ ಸಾಮರ್ಥ್ಯ, ವಾರಂಟಿ, ನಕ್ಷತ್ರ ಗುರುತುಗಳ ಜೊತೆಗೆ ‘ಸ್ಪರ್ಶದಿಂದ ಗುರುತಿಸಬಲ್ಲ ಗುಂಡಿಗಳು, ಬೇರೆ ಬೇರೆ ಶಬ್ದಸೂಚನೆ’ ಎಂಬ ಒಂದು ಸಾಲು ಸೇರಿಸುವುದಕ್ಕೆ ಯಾವ ಹೆಚ್ಚಿನ ವೆಚ್ಚವೂ ಇಲ್ಲ. ಗ್ರಾಮ ಪಂಚಾಯತಿಗಳಲ್ಲಿ ವಿಕಲಚೇತನರಿಗೆ ಮೀಸಲಾದ ಶೇ. 5ರ ಅನುದಾನದ ಕ್ರಿಯಾಯೋಜನೆ ಚರ್ಚೆಗೆ ಬಂದಾಗ, ಮನೆಯೊಳಗಿನ ಇಂಥ ಅಗತ್ಯಗಳನ್ನು ಕೇಳಿ ಬರೆದುಕೊಂಡು, ಮಾರ್ಗಸೂಚಿಯಲ್ಲಿ ಅವಕಾಶವಿರುವಷ್ಟನ್ನು ಸೇರಿಸುವುದು ಪುನರ್ವಸತಿ ಕಾರ್ಯಕರ್ತರ ಕೆಲಸ. ತರಬೇತಿಯ ಪ್ರಶ್ನೆಗಳಿಗೆ ದಾವಣಗೆರೆಯಲ್ಲಿರುವ ಕೇಂದ್ರ ಸರ್ಕಾರದ ಸಿಆರ್‌ಸಿ ಕೇಂದ್ರವನ್ನೂ, ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯನ್ನೂ ವಿಚಾರಿಸಬಹುದು. ಹೇಳಿದ ಗುಣ ಯಂತ್ರದಲ್ಲಿ ಇಲ್ಲದೆ ಹೋದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲು ಅವಕಾಶವಿದೆ. ಅಂಗಡಿಯವರು ಬಾಯಲ್ಲಿ ಹೇಳಿದ್ದನ್ನು ಬಿಲ್ಲಿನ ಮೇಲೆ ಬರೆಸಿಕೊಂಡಿದ್ದರೆ ಆಗ ಅದು ಉಪಯೋಗಕ್ಕೆ ಬರುತ್ತದೆ.

ಕೈಪಿಡಿಯ ಮಾತೊಂದು ಉಳಿದಿದೆ. ಯಂತ್ರದೊಂದಿಗೆ ಬರುವ ಪುಸ್ತಕ ಸಣ್ಣ ಅಕ್ಷರದ ಮುದ್ರಣ. ಕಂಪನಿಯ ಜಾಲತಾಣದಿಂದ ಪಿಡಿಎಫ್ ಇಳಿಸಿಕೊಂಡರೆ ಫೋನು ಅಥವಾ ಉಚಿತ ಎನ್‌ವಿಡಿಎ ತಂತ್ರಾಂಶವಿರುವ ಕಂಪ್ಯೂಟರ್ ಓದಿ ಹೇಳಬಲ್ಲದು, ಆದರೆ ಅದು ಪುಟದ ಫೋಟೊ ಆಗಿರಬಾರದು. ಕನ್ನಡದಲ್ಲಿ ಇನ್ನೊಂದು ತೊಡಕಿದೆ: ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಸಿದ್ಧವಾದ ಪಿಡಿಎಫ್ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ, ಓದುವ ತಂತ್ರಾಂಶಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕಚೇರಿಗಳ ಸುತ್ತೋಲೆಗಳಿಗೂ ಈ ಮಾತು ಅನ್ವಯಿಸುತ್ತದೆ. ಅಂಧರಿಗಾಗಿ ಬರೆದ ಪಠ್ಯವೇ ಅಂಧರ ಫೋನಿಗೆ ಓದಲು ಬಾರದಿದ್ದರೆ ಗಾಜಿನ ಫಲಕವನ್ನು ದೂರುವ ಹಕ್ಕು ಕಚೇರಿಗೆ ಉಳಿಯುವುದಿಲ್ಲ.

ಕಡೆಯದಾಗಿ, ಯಂತ್ರ ಮನೆಗೆ ಬಂದ ದಿನ. ಜೋಡಿಸಲು ಬರುವ ತಂತ್ರಜ್ಞರು ಸಾಮಾನ್ಯವಾಗಿ ಮನೆಯ ಗಂಡಸರಿಗೋ ಓದಿದ ಮಕ್ಕಳಿಗೋ ತೋರಿಸಿ, ಹತ್ತು ನಿಮಿಷದಲ್ಲಿ ಸಹಿ ಪಡೆದು ಹೊರಡುತ್ತಾರೆ. ಬಳಸುವವರನ್ನೇ ಮುಂದೆ ನಿಲ್ಲಿಸಿ, ಅವರ ಕೈ ಹಿಡಿದು ನಲ್ಲಿ, ಪೈಪು, ಸೋಪಿನ ಪುಡಿಯ ಗೂಡುಗಳು, ಕಸ ಹಿಡಿಯುವ ಜಾಲರಿ, ಗುಂಡಿಗಳ ಸಾಲು ಇವನ್ನು ಮುಟ್ಟಿಸಿ ಹೇಳುವಂತೆ ಕೇಳಬೇಕು. ಪುಡಿಯ ಗೂಡು ಮೂರಿದ್ದರೆ ಯಾವುದು ಮುಖ್ಯ ಒಗೆತದ್ದೆಂದು ಅಲ್ಲಿಯೇ ಗುರುತು ಅಂಟಿಸಬೇಕು. ಅನಂತರ ಬಳಸುವವರು ತಾವೇ ಬಟ್ಟೆ ಹಾಕಿ, ಪುಡಿ ಅಳೆದು, ಕ್ರಮ ಆರಿಸಿ, ಚಾಲೂ ಮಾಡಬೇಕು. ಉಳಿದವರು ಕೈ ಕಟ್ಟಿ ನಿಲ್ಲಬೇಕು. ಮುಗಿದ ಸದ್ದು ಕೇಳಿ, ಬಟ್ಟೆ ತೆಗೆದು, ತೊಟ್ಟಿಯ ಒಳಗೂ ರಬ್ಬರ್ ಅಂಚಿನ ಮಡಿಕೆಯಲ್ಲೂ ಕಾಲುಚೀಲವೋ ಚಿಲ್ಲರೆಯೋ ಉಳಿದಿಲ್ಲವೆಂದು ಅವರು ಕೈಯಾಡಿಸಿ ನೋಡಿದ ಮೇಲೆಯೇ ತಂತ್ರಜ್ಞರ ಕಾಗದಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕತಕ್ಕದ್ದು.